ಕರುವಿನ ಮೊದಲ ಎರಡು ತಿಂಗಳು: ಮೈಯೊಡನೆ ಮೆದುಳೂ ಬೆಳೆಯುತ್ತದೆ

(ರೋಣ ತಾಲೂಕಿನ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹಾಲು ಉತ್ಪಾದಕರ ಸಭೆ ಎಂದರೆ ಜಿಡ್ಡಿನ ಅಂಶ, ಲೀಟರಿನ ದರ, ಪಶು ಆಹಾರದ ಚೀಲ, ಕೃತಕ ಗರ್ಭಧಾರಣೆ ಇವುಗಳದೇ ಮಾತು. ಅವೆಲ್ಲ ಬೇಕಾದವೇ. ಇಂದು ಮಾತ್ರ ನಿಮ್ಮ ದನದ ಮನೆಯ ಕತ್ತಲ ಮೂಲೆಯಲ್ಲಿ ಮೊಳದುದ್ದದ ಕಣ್ಣಿಗೆ ಕಟ್ಟಿಸಿಕೊಂಡು ನಿಂತಿರುವ ಕರುವಿನ ತಲೆಯ ಬಗ್ಗೆ, ಆ ತಲೆಯೊಳಗಿನ ಮೆದುಳಿನ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೇನೆ. ಕರುವಿಗೆಂಥ ಮೆದುಳು, ಅದು ಶಾಲೆಗೆ ಹೋಗಬೇಕೇ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಆದರೆ ಕೊನೆಯತನಕ ಕೇಳಿರಿ. ಈ ಮಾತು ಸುತ್ತಿ ಬಳಸಿ ನಿಮ್ಮ ಹಾಲಿನ ಕ್ಯಾನಿಗೇ ಬರುತ್ತದೆ.

ಹಳ್ಳಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ. "ಸಾಹೇಬರ, ಮನ್ಯಾಗ ಹುಟ್ಟಿ ಬೆಳದ ಮಣಕ ಐತಿ, ಚೊಚ್ಚಲ ಈದೈತಿ, ಕೆಚ್ಚಲಕ್ಕ ಕೈ ಹಚ್ಚಗೊಡುದಿಲ್ಲ. ಕಾಲು ಕಟ್ಟಿದರ ಹಾಲು ಏರಿಸಿಕೊಂತೈತಿ. ಬೀಜಾನ ಸರಿ ಇಲ್ಲ." ಮತ್ತೊಬ್ಬರ ದೂರು, ತಮ್ಮ ಆಕಳು ಕಣಿಕೆಯೊಂದನ್ನು ಬಿಟ್ಟು ಬೇರೇನನ್ನೂ ಮೂಸುವುದಿಲ್ಲ, ಹೊಸ ಮೇವು ಹಾಕಿದರೆ ಎರಡು ದಿನ ಉಪವಾಸ ನಿಲ್ಲುತ್ತದೆ ಎಂಬುದು. ಎಲ್ಲರೂ ದೋಷ ಹೊರಿಸುವುದು ಬೀಜದ ಮೇಲೆ, ಇಲ್ಲವೆ ತಳಿಯ ಮೇಲೆ. ತಳಿಯಲ್ಲಿ ಸ್ವಭಾವ ಬರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಮಣಕ ಕರುವಾಗಿದ್ದಾಗ ಎಲ್ಲಿ ಕಟ್ಟಿದ್ದಿರಿ, ಯಾರ ಜೊತೆ ಕಟ್ಟಿದ್ದಿರಿ, ಯಾರು ಅದರ ಮೈ ಮುಟ್ಟುತ್ತಿದ್ದರು ಎಂದು ಕೇಳಿದರೆ ಬಹಳ ಸಲ ಉತ್ತರ ಒಂದೇ: "ಅಲ್ಲೇ ಮೂಲ್ಯಾಗ ಇತ್ತರಿ."

ಮೆದುಳು ಹೇಗೆ ಬೆಳೆಯುತ್ತದೆ ಎಂಬುದನ್ನು ಮೊದಲು ತಿಳಿಯೋಣ. ನಾಯಿಮರಿ, ಬೆಕ್ಕಿನ ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ. ಕರು ಹಾಗಲ್ಲ. ಹುಟ್ಟಿದ ಒಂದೆರಡು ತಾಸಿನೊಳಗೆ ಎದ್ದು ನಿಂತು ಮೊಲೆ ಹುಡುಕುತ್ತದೆ. ಅಂದರೆ ಅದರ ಮೆದುಳು ತಾಯಿಯ ಹೊಟ್ಟೆಯಲ್ಲೇ ಬಹುಮಟ್ಟಿಗೆ ತಯಾರಾಗಿ ಬಂದಿದೆ. ಆದರೆ ಮೆದುಳು ಇಟ್ಟಿಗೆಯ ಗೋಡೆಯಂತೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಅದು ನರಕೋಶಗಳ ನಡುವಿನ ಅಸಂಖ್ಯ ಜೋಡಣೆಗಳ ಬಲೆ. ಬಳಸಿದ ಜೋಡಣೆ ಗಟ್ಟಿಯಾಗುತ್ತದೆ, ಬಳಸದ್ದು ಸಡಿಲವಾಗಿ ಕಳಚಿಕೊಳ್ಳುತ್ತದೆ. ಹೊಲದಲ್ಲಿ ಜನ ನಡೆದಾಡಿದ ಕಡೆ ಕಾಲುದಾರಿ ಮೂಡುತ್ತದೆ, ನಡೆಯದ ಕಡೆ ಕಸ ಬೆಳೆಯುತ್ತದಲ್ಲ, ಹಾಗೆ. ಈ ಕಾಲುದಾರಿ ಬೀಳುವ ಕೆಲಸ ಎಳೆಯ ವಯಸ್ಸಿನಲ್ಲಿ ಬಹಳ ಜೋರಾಗಿ ನಡೆಯುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕೆಯ ಹಾರ್ವರ್ಡ್‌ನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ಮಾಡಿ 1963ರಲ್ಲಿ ಪ್ರಕಟಿಸಿದ ಪ್ರಯೋಗ. ಮರಿ ಕಣ್ಣು ಬಿಡುವ ಮೊದಲೇ ಅದರ ಒಂದು ಕಣ್ಣಿನ ರೆಪ್ಪೆ ಹೊಲಿದು, ಎರಡು ಮೂರು ತಿಂಗಳ ನಂತರ ಬಿಚ್ಚಿದರು. ಕಣ್ಣಿಗೆ ಯಾವ ರೋಗವೂ ಇರಲಿಲ್ಲ. ಆದರೂ ಆ ಕಣ್ಣು ಕಾಣಲಿಲ್ಲ. ಕಣ್ಣಿನಿಂದ ಬರುವ ಸುದ್ದಿಯನ್ನು ಓದಬೇಕಾದ ಮೆದುಳಿನ ಭಾಗ ಆ ಕಣ್ಣಿನ ಕೈ ಬಿಟ್ಟಿತ್ತು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿ ತೆರೆದರೆ ಅದಕ್ಕೆ ಏನೂ ಆಗಲಿಲ್ಲ. ಎಳೆತನದಲ್ಲಿ ಒಂದು ಬಾಗಿಲು ಕೆಲವು ದಿನ ಮಾತ್ರ ತೆರೆದಿರುತ್ತದೆ ಎಂಬುದು ಇದರಿಂದ ತಿಳಿಯಿತು. 1981ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಪ್ರಯೋಗ ಕ್ರೂರವೆನಿಸುತ್ತದೆ, ನನಗೂ ಹಾಗೇ ಅನಿಸುತ್ತದೆ. ಆದರೆ ಹುಟ್ಟಿನಿಂದ ಕಣ್ಣಿನಲ್ಲಿ ಪೊರೆ ಇರುವ ಮಕ್ಕಳಿಗೆ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ತಿಳಿವಳಿಕೆಗೆ ಇಂಥ ಕೆಲಸವೇ ಬಲ ಕೊಟ್ಟಿತು.

ಮುಂದಿನ ಮಾತು ಇಲಿಗಳದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಾರ್ಕ್ ರೋಜೆನ್‌ಜ್ವೀಗ್, ಮೇರಿಯನ್ ಡೈಮಂಡ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಒಂದೇ ಸೂಲಿನ ಎಳೆಯ ಇಲಿಗಳನ್ನು ಬೇರೆ ಬೇರೆ ಮಾಡಿ ಬೆಳೆಸಿದರು. ಒಂದು ಗುಂಪಿಗೆ ದೊಡ್ಡ ಪಂಜರ, ಸಂಗಾತಿಗಳು, ಹತ್ತಲು ಏಣಿ, ದಿನವೂ ಬದಲಾಗುವ ಆಟದ ಸಾಮಾನು. ಇನ್ನೊಂದು ಗುಂಪಿನ ಪ್ರತಿ ಇಲಿಯೂ ಒಂಟಿಯಾಗಿ ಸಣ್ಣ ಪಂಜರದಲ್ಲಿ. ನೀರು ಮತ್ತು ತಿನಿಸು ಎರಡೂ ಗುಂಪಿಗೆ ಒಂದೇ. ಕೊನೆಗೆ ನೋಡಿದರೆ ಸಂಗಾತಿಗಳೊಡನೆ ಬೆಳೆದ ಇಲಿಗಳ ಮೆದುಳಿನ ಹೊರಪದರ ಹೆಚ್ಚು ದಪ್ಪ, ಹೆಚ್ಚು ತೂಕ. ವ್ಯತ್ಯಾಸ ಸಣ್ಣದೇ, ಆದರೆ ಮತ್ತೆ ಮತ್ತೆ ಮಾಡಿದಾಗಲೂ ಅದೇ ಫಲ ಬಂತು. ಹೊಟ್ಟೆಗೆ ಸಮನಾಗಿ ಹಾಕಿದರೂ ಮೆದುಳು ಸಮನಾಗಿ ಬೆಳೆಯಲಿಲ್ಲ ಎಂಬುದನ್ನು ನೀವು ನೆನಪಿಡಬೇಕು. ಕರುವಿಗೆ ಹಾಲು ಬಿಟ್ಟೆ, ಹಿಂಡಿ ಹಾಕಿದೆ, ಇನ್ನೇನು ಬೇಕು ಎನ್ನುವವರಿಗೆ ಇದು ಉತ್ತರ.

ಇಲಿಗಳ ವಿಷಯದಲ್ಲೇ ಇನ್ನೊಂದು ಕೆಲಸವಿದೆ. ಅದನ್ನು ತಾಯಂದಿರು ಬೇಗ ಒಪ್ಪುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಅವರ ತಂಡ ತಾಯಿ ಇಲಿಗಳನ್ನು ಗಮನವಿಟ್ಟು ನೋಡಿತು. ಕೆಲವು ತಾಯಿಗಳು ಮರಿಗಳನ್ನು ಬಹಳ ನೆಕ್ಕುತ್ತಿದ್ದವು, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಗದ್ದಲಕ್ಕೆ, ಹೊಸ ಜಾಗಕ್ಕೆ ಅಷ್ಟಾಗಿ ಬೆದರಲಿಲ್ಲ. ಬೆದರಿದರೂ ಬೇಗ ಶಾಂತವಾಗುತ್ತಿದ್ದವು. ಇದು ರಕ್ತದಲ್ಲಿ ಬಂದ ಗುಣವೇ ಎಂದು ಪರೀಕ್ಷಿಸಲು ಹುಟ್ಟಿದ ಕೂಡಲೇ ಮರಿಗಳನ್ನು ಅದಲು ಬದಲು ಮಾಡಿದರು. ಮರಿಗಳಲ್ಲಿ ಹೆತ್ತ ತಾಯಿಯ ಗುಣ ಕಾಣಲಿಲ್ಲ, ಸಾಕಿದ ತಾಯಿಯ ಗುಣ ಕಂಡಿತು. ಗಾಬರಿಯನ್ನು ಹದ್ದುಬಸ್ತಿನಲ್ಲಿಡುವ ಒಂದು ಜೀನಿನ ಮೇಲೆ ರಾಸಾಯನಿಕ ಗುರುತು ಬೀಳುತ್ತದೆ, ಮೊದಲ ವಾರದ ನೆಕ್ಕುವಿಕೆ ಆ ಗುರುತನ್ನು ಬದಲಿಸುತ್ತದೆ ಎಂದು 2004ರಲ್ಲಿ ಅವರು ತೋರಿಸಿದರು.

ನಮ್ಮ ಆಕಳು, ಎಮ್ಮೆ ಈದ ಕೂಡಲೆ ಏನು ಮಾಡುತ್ತವೆ? ಯಾರೂ ಹೇಳಿಕೊಡದಿದ್ದರೂ ಕರುವನ್ನು ಮೂಗಿನಿಂದ ಬಾಲದವರೆಗೆ ನೆಕ್ಕುತ್ತವೆ. ಇದರಿಂದ ಕರುವಿನ ಮೈ ಒಣಗುತ್ತದೆ, ಉಸಿರು ಸರಾಗವಾಗುತ್ತದೆ, ಅದು ಬೇಗ ಎದ್ದು ನಿಲ್ಲುತ್ತದೆ. ಇಲಿಯಲ್ಲಿ ಕಂಡದ್ದೆಲ್ಲ ಆಕಳಿನಲ್ಲಿಯೂ ಹಾಗೇ ನಡೆಯುತ್ತದೆ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಆದರೆ ನೆಕ್ಕಿಸಿಕೊಳ್ಳುವುದರಿಂದ ಕರುವಿಗೆ ನಷ್ಟವೇನೂ ಇಲ್ಲ. ನಿಮಗೂ ಖರ್ಚಿಲ್ಲ. ಈದ ಕೂಡಲೆ ಕರುವನ್ನು ಗೋಣಿತಟ್ಟಿನಲ್ಲಿ ಒರೆಸಿ ದೂರ ಒಯ್ದು ಕಟ್ಟುವ ರೂಢಿ ಮಿಶ್ರತಳಿ ಆಕಳುಗಳ ಜೊತೆಗೆ ನಮ್ಮ ಕಡೆಗೂ ಬಂದಿದೆ. ಬಕೆಟ್ಟಿನಲ್ಲಿ ಹಾಲು ಕುಡಿಸುವವರು ಬೇಕಾದರೆ ಕುಡಿಸಲಿ. ತಾಯಿ ಕರುವನ್ನು ನೆಕ್ಕಿ ಮುಗಿಸುವತನಕವಾದರೂ ಬಿಡಿರಿ.

ಈಗ ನಮ್ಮ ರಾಜ್ಯದ್ದೇ ಕೆಲಸಕ್ಕೆ ಬರೋಣ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗ ಜಗತ್ತಿನ ಎಲ್ಲೆಡೆ ಹೆಸರಾಗಿದೆ. ಇಲಿಗಳನ್ನು ದಿನಕ್ಕೆ ಎರಡು ತಾಸಿನಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಿದರು. ಆಮೇಲೆ ನೋಡಿದರೆ ನೆನಪಿಗೆ, ಕಲಿಕೆಗೆ ಸಂಬಂಧಿಸಿದ ಮೆದುಳಿನ ಭಾಗದಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದ್ದವು. ಹೆದರಿಕೆಗೆ ಸಂಬಂಧಿಸಿದ ಭಾಗದಲ್ಲಿ ಅದೇ ಕೊಂಬೆಗಳು ಹಬ್ಬಿ ಬೆಳೆದಿದ್ದವು. ಎರಡು ವರ್ಷದ ನಂತರ ಅದೇ ತಂಡ ಮತ್ತೊಂದು ವಿಷಯ ತಿಳಿಸಿತು. ಇಪ್ಪತ್ತೊಂದು ದಿನ ಆರಾಮಾಗಿ ಬಿಟ್ಟರೆ ನೆನಪಿನ ಭಾಗ ಸುಧಾರಿಸಿಕೊಳ್ಳುತ್ತದೆ, ಹೆದರಿಕೆಯ ಭಾಗ ಸುಧಾರಿಸಿಕೊಳ್ಳುವುದಿಲ್ಲ. ಅಂದರೆ ಪ್ರಾಣಿ ತಾನು ಕಲಿತದ್ದನ್ನು ಮರೆತರೂ ಪೆಟ್ಟು ತಿಂದದ್ದನ್ನು ಮರೆಯದು. ಇದನ್ನು ಎತ್ತು ಸಾಕಿದ ಯಾವ ಮುದುಕನಾದರೂ ಹೇಳಿಯಾನು, ಆದರೆ ಮೆದುಳಿನಲ್ಲಿ ಅದರ ಗುರುತು ತೋರಿಸಿದವರು ಇವರು. ಇವು ಬೆಳೆದ ಇಲಿಗಳು. ಕರುವಿನ ಕಣ್ಣಿಯೂ ಇಲಿಯನ್ನು ಅಲುಗಾಡದಂತೆ ಕಟ್ಟುವುದೂ ಒಂದೇ ಅಲ್ಲ. ಆದರೂ ಮೊಳದುದ್ದದ ಹಗ್ಗ ನೋಡಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ವಿಪರೀತ ಗಿಡ್ಡ ಹಗ್ಗದಿಂದ ಪ್ರಾಣಿಯನ್ನು ಬಹಳ ಹೊತ್ತು ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ.

ಆ ಮೊದಲ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಬಿ. ಎಸ್. ಶಂಕರನಾರಾಯಣ ರಾವ್ ಅವರು ನಿಮ್ಹಾನ್ಸ್‌ನ ಸಂಗಡಿಗರೊಡನೆ 2009ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ಹಾಗೆ ಕಷ್ಟಪಟ್ಟ ಇಲಿಗಳನ್ನು ಸಂಗಾತಿಗಳು, ಆಟದ ಸಾಮಾನು ಇರುವ ದೊಡ್ಡ ಪಂಜರದಲ್ಲಿ ಬಿಟ್ಟಾಗ ಮೆದುಳಿನಲ್ಲಿ ಹೊಸ ಕೋಶಗಳು ಹುಟ್ಟುವ ಕೆಲಸ ಮತ್ತೆ ಸರಿಹೋಯಿತು. ಅವುಗಳ ಮಂಕುತನವೂ ಇಳಿಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಎಲ್ಲದಕ್ಕೂ ಹೇಳಿಬಿಡುತ್ತೇವೆ. ಗಾದೆ ಪೂರ್ತಿ ನಿಜವಲ್ಲ. ಮರವೂ ಸ್ವಲ್ಪ ಬಗ್ಗುತ್ತದೆ, ಆದರೆ ಅದಕ್ಕೆ ಶ್ರಮ ಹೆಚ್ಚು, ದಿನ ಹೆಚ್ಚು.

ಇಲಿ ಸಾಕಾಯಿತು, ಕರುವಿನ ಮಾತು ಹೇಳಿರಿ ಎನ್ನುತ್ತೀರಿ. ಹೇಳುತ್ತೇನೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಹೈನು ಕೇಂದ್ರದಲ್ಲಿ ನಡೆದ ಕೆಲಸ 2014ರಲ್ಲಿ ಪ್ರಕಟವಾಯಿತು. ಹೋಲ್‌ಸ್ಟೀನ್ ಕರುಗಳಲ್ಲಿ ಕೆಲವನ್ನು ಒಂಟಿಯಾಗಿ, ಕೆಲವನ್ನು ಇನ್ನೊಂದು ಕರುವಿನ ಜೊತೆಯಲ್ಲಿ ಬೆಳೆಸಿದರು. ಎರಡು ಬಣ್ಣಗಳನ್ನು ತೋರಿಸಿ, ಒಂದು ಬಣ್ಣದ ಕಡೆಗೆ ಹೋದರೆ ಹಾಲು, ಇನ್ನೊಂದರ ಕಡೆಗೆ ಹೋದರೆ ಇಲ್ಲ ಎಂದು ಕಲಿಸಿದರು. ಎರಡೂ ಗುಂಪಿನ ಕರುಗಳು ಇದನ್ನು ಹೆಚ್ಚುಕಡಿಮೆ ಸಮನಾಗಿ ಕಲಿತವು. ಕರು ದಡ್ಡ ಪ್ರಾಣಿಯೆಂದು ತಿಳಿದವರು ಇದನ್ನು ಗಮನಿಸಬೇಕು. ಆಮೇಲೆ ನಿಯಮವನ್ನು ತಿರುವು ಮುರುವು ಮಾಡಿದರು. ಹಾಲು ಸಿಗುತ್ತಿದ್ದ ಬಣ್ಣದಲ್ಲಿ ಈಗ ಹಾಲಿಲ್ಲ, ಇನ್ನೊಂದರಲ್ಲಿ ಇದೆ. ಜೋಡಿಯಲ್ಲಿ ಬೆಳೆದ ಕರುಗಳು ಇದಕ್ಕೆ ಹೊಂದಿಕೊಂಡವು. ಒಂಟಿಯಾಗಿ ಬೆಳೆದವು ಹಳೆಯ ಬಣ್ಣವನ್ನೇ ಹಿಡಿದು ಹಿಂದೆ ಬಿದ್ದವು. ಗೊತ್ತಿಲ್ಲದ ಒಂದು ವಸ್ತುವನ್ನು ಮುಂದಿಟ್ಟಾಗಲೂ ಹೀಗೆಯೇ. ಜೋಡಿಯ ಕರುಗಳು ಮತ್ತೆ ಮತ್ತೆ ನೋಡಿ ಅದಕ್ಕೆ ಒಗ್ಗಿಕೊಂಡವು, ಒಂಟಿ ಕರುಗಳಿಗೆ ಅದು ಪ್ರತಿಸಲವೂ ಹೊಸದೇ. ಅದೇ ಕೇಂದ್ರದ ಬೇರೆ ಕೆಲಸದಲ್ಲಿ, ಸಂಗಾತಿಗಳೊಡನೆ ಬೆಳೆದ ಕರುಗಳು ಕಂಡರಿಯದ ಮೇವಿಗೆ ಬೇಗ ಬಾಯಿ ಹಾಕಿದವು ಎಂದೂ ತಿಳಿದುಬಂತು.

ಇದನ್ನು ನಮ್ಮ ರೋಣದ ಎರಿ ಹೊಲಕ್ಕೆ ತಂದು ನೋಡಿರಿ. ವರ್ಷವಿಡೀ ಒಂದೇ ಹಸಿರು ಮೇವು ಹಾಕುವ ಭಾಗ್ಯ ನಮಗಿಲ್ಲ. ಹಿಂಗಾರಿ ಜೋಳ ಬಂದರೆ ಕಣಿಕೆ, ಕಡಲೆ ರಾಶಿಯಾದ ಮೇಲೆ ಹೊಟ್ಟು, ಶೇಂಗಾ ಇದ್ದವರಿಗೆ ಶೇಂಗಾ ಬಳ್ಳಿ, ಬೋರಿನಲ್ಲಿ ನೀರಿರುವತನಕ ನೇಪಿಯರ್ ಹುಲ್ಲು, ಬರ ಬಿದ್ದರೆ ಸಿಕ್ಕಿದ್ದು. ಈಚೆಗೆ ರಸಮೇವು ಅಂದರೆ ಸೈಲೇಜ್ ಚೀಲವೂ ಬರುತ್ತಿದೆ. ನಮ್ಮ ಆಕಳು ವರ್ಷಕ್ಕೆ ನಾಲ್ಕೈದು ಸಲ ಮೇವು ಬದಲಿಸಲೇಬೇಕು. ಪ್ರತಿ ಸಲ ಎರಡು ದಿನ ಮುನಿಸಿಕೊಂಡು ನಿಲ್ಲುವ ಆಕಳು ಹಾಲಿನಲ್ಲಿ ಇಳಿಯುತ್ತದೆ, ಇಳಿದದ್ದು ಹತ್ತಲು ವಾರ ಬೇಕು. ಕೆನಡಾದ ರೈತನಿಗಿಂತ ನಮಗೇ ಬದಲಾವಣೆಗೆ ಹೊಂದಿಕೊಳ್ಳುವ ಆಕಳು ಹೆಚ್ಚು ಬೇಕು.

ಯುರೋಪ್ ಒಕ್ಕೂಟದ ದೇಶಗಳು 1997ರಲ್ಲೇ ನಿಯಮ ಮಾಡಿಕೊಂಡವು. ಎಂಟು ವಾರ ದಾಟಿದ ಕರುವನ್ನು ಒಂಟಿ ಗೂಡಿನಲ್ಲಿ ಇಡುವಂತಿಲ್ಲ. ಅವರು ಒಂಟಿಯಾಗಿ ಇಡುತ್ತಿದ್ದುದಕ್ಕೆ ಕಾರಣವೂ ಇತ್ತು. ಒಂದರ ಭೇದಿ ಇನ್ನೊಂದಕ್ಕೆ ಹತ್ತಬಾರದು, ಒಂದರ ಹೊಕ್ಕುಳನ್ನು ಇನ್ನೊಂದು ಚೀಪಬಾರದು ಎಂದು. ಈ ಅಂಜಿಕೆ ಸುಳ್ಳಲ್ಲ. ಭೇದಿಯಾದ ಕರುವನ್ನು ಬೇರೆ ಕಟ್ಟಲೇಬೇಕು. ಕಾಲಡಿ ಒಣಗಿರಬೇಕು. ಇನ್ನು ಚೀಪುವ ಚಟ ಬರುವುದು ಬಹುಮಟ್ಟಿಗೆ ಹಾಲು ಕಡಿಮೆಯಾದಾಗ, ಬಕೆಟ್ಟಿನಿಂದ ಗಟಗಟ ಕುಡಿದು ಚೀಪುವ ಆಸೆ ತೀರದೆ ಇದ್ದಾಗ. ಮೊಲೆಬಾಟಲಿಯಲ್ಲಿ ಕುಡಿಸಿದರೆ, ಕುಡಿದ ಮೇಲೆ ಸ್ವಲ್ಪ ಮೇವು ಬಾಯಿಗೆ ಕೊಟ್ಟರೆ ಅದು ತಗ್ಗುತ್ತದೆ. ಹೊಟ್ಟೆ ತುಂಬಿದ ಕರು ಬಾಲ ಎತ್ತಿ ಜಿಗಿದಾಡುತ್ತದೆ. ಹಸಿದ ಕರು ಆಡುವುದಿಲ್ಲ. ಆಟ ನೋಡಿದರೆ ಸಾಕು, ಹಾಲು ಎಷ್ಟು ಬಿಟ್ಟಿದ್ದೀರಿ ಎಂಬುದು ತಿಳಿಯುತ್ತದೆ.

ಗಜೇಂದ್ರಗಡದ ಕಡೆಯಿಂದ ಬಂದ ಸದಸ್ಯರು ಕುರಿ, ಆಡು ಬಲ್ಲವರು. ಅವರಿಗೊಂದು ಸ್ವಾರಸ್ಯದ ಸಂಗತಿ. ಇಂಗ್ಲೆಂಡಿನ ಬ್ಯಾಬ್ರಹಾಮ್ ಎಂಬಲ್ಲಿ ಕೀತ್ ಕೆಂಡ್ರಿಕ್ ಎಂಬ ವಿಜ್ಞಾನಿ ಹುಟ್ಟಿದ ಕುರಿಮರಿಗಳನ್ನು ಆಡಿನ ಬಳಿ, ಆಡಿನ ಮರಿಗಳನ್ನು ಕುರಿಯ ಬಳಿ ಬೆಳೆಸಿದರು. 1998ರಲ್ಲಿ ಇದರ ವರದಿ ಬಂತು. ಆಡಿನ ಮೊಲೆ ಕುಂಡು ಬೆಳೆದ ಟಗರುಗಳು ದೊಡ್ಡವಾದ ಮೇಲೆ ಆಡುಗಳನ್ನೇ ಬೆನ್ನಟ್ಟಿದವು, ಕುರಿಯ ಮೊಲೆ ಕುಂಡ ಹೋತಗಳು ಕುರಿಗಳನ್ನು. ಆಮೇಲೆ ಮೂರು ವರ್ಷ ತಮ್ಮ ಜಾತಿಯ ಹಿಂಡಿನಲ್ಲೇ ಬಿಟ್ಟರೂ ಗಂಡುಗಳ ಈ ಒಲವು ಹೋಗಲಿಲ್ಲ. ಹೆಣ್ಣುಗಳು ಮಾತ್ರ ಒಂದೆರಡು ವರ್ಷದಲ್ಲಿ ತಮ್ಮವರ ಕಡೆ ತಿರುಗಿದವು. ಹಟ್ಟಿಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದ ತಬ್ಬಲಿ ಮರಿ ಹಿಂಡು ಬಿಟ್ಟು ಮನುಷ್ಯರ ಕಾಲಲ್ಲೇ ಸುತ್ತುವುದನ್ನು ಕುರಿಗಾರರು ದಿನಾ ನೋಡುತ್ತಾರೆ. ತಾನು ಯಾರು ಎಂಬುದನ್ನು ಮರಿ ತನ್ನ ಮೊದಲ ದಿನಗಳಲ್ಲಿ ಸುತ್ತ ಇದ್ದವರನ್ನು ನೋಡಿ ಕಲಿಯುತ್ತದೆ.

ದನಗಳಲ್ಲಿ ಇಂಥದನ್ನು ನೋಡಬೇಕಾದರೆ ನಮ್ಮ ಅಮೃತಮಹಲ್ ತಳಿ ಇದೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಆರಂಭವಾಗಿ, ಟಿಪ್ಪು ಸುಲ್ತಾನನಿಂದ ಅಮೃತ ಮಹಲ್ ಎಂಬ ಹೆಸರು ಪಡೆದು, ತೋಪು ಎಳೆಯುವ ಎತ್ತುಗಳಿಗೆ ಹೆಸರಾದ ತಳಿ ಅದು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅದರ ಕೇಂದ್ರವಿದೆ. ಆ ದನಗಳು ಕಾವಲುಗಳಲ್ಲಿ, ಮನುಷ್ಯರ ಒಡನಾಟ ಬಹಳವಿಲ್ಲದೆ ಹಿಂಡಾಗಿ ಬೆಳೆಯುತ್ತಿದ್ದವು. ಅಪರಿಚಿತರನ್ನು ಹತ್ತಿರ ಬಿಡದ ಅವುಗಳ ರೋಷ ಪ್ರಸಿದ್ಧ. ಪಳಗಿಸಲು ದಿನ ಹಿಡಿಯುತ್ತಿತ್ತು, ಪಳಗಿದ ಮೇಲೆ ಅಂಥ ಎತ್ತು ಇನ್ನೊಂದಿಲ್ಲ. ಅದರಲ್ಲಿ ತಳಿಯ ಬಿಸಿ ರಕ್ತವೂ ಇದೆ, ಕಾವಲಿನ ಬಾಲ್ಯವೂ ಇದೆ. ಎರಡನ್ನೂ ತೂಕ ಹಾಕಿ ಬೇರ್ಪಡಿಸಲು ಬರುವುದಿಲ್ಲ. ಆದರೆ ನಮ್ಮ ಕಡೆ ಮನೆಯ ಅಂಗಳದಲ್ಲಿ ಮಕ್ಕಳ ಕೈಯಲ್ಲಿ ಬೆಳೆದ ಕಿಲಾರಿ ಹೋರಿಕರವನ್ನು ನೋಡಿರಿ. ಕಾರಹುಣ್ಣಿಮೆಯ ದಿನ ಬಣ್ಣ ಬಳಿದು ಹಲಗೆ ಬಾರಿಸುವ ನಡುವೆ ಕರೆದೊಯ್ದರೂ ಹುಡುಗನ ಕೈ ಬಿಟ್ಟು ಓಡುವುದಿಲ್ಲ.

ಮನುಷ್ಯನ ಕೈಯ ವಿಷಯ ಬಂದಿತು. 2015ರಲ್ಲಿ ಪ್ರಕಟವಾದ ವಿಯೆನ್ನಾ ಪಶುವೈದ್ಯ ವಿಶ್ವವಿದ್ಯಾಲಯದವರ ಅಧ್ಯಯನವೊಂದರಲ್ಲಿ ಹುಟ್ಟಿದ ಮೊದಲ ಎರಡು ವಾರ ಕರುವಿನ ಗಂಗೆದೊಗಲು, ಕತ್ತಿನ ಕೆಳಭಾಗವನ್ನು ದಿನಕ್ಕೆ ಮೂರು ನಿಮಿಷ ಸವರಿದರು. ಅಷ್ಟೇ. ಆ ಕರುಗಳು ಮುಂದೆ ಮನುಷ್ಯರನ್ನು ಹೆಚ್ಚು ಹತ್ತಿರ ಬಿಟ್ಟುಕೊಂಡವು, ತೂಕವೂ ಚೆನ್ನಾಗಿ ಹತ್ತಿತು. ಆ ಜಾಗವನ್ನೇ ಆರಿಸಿದ್ದೇಕೆಂದರೆ ದನಗಳು ಒಂದನ್ನೊಂದು ಪ್ರೀತಿಯಿಂದ ನೆಕ್ಕುವುದು ಅಲ್ಲೇ. ನಮ್ಮ ಮನೆಗಳಲ್ಲಿ ಈ ಕೆಲಸವನ್ನು ಯಾರೂ ಹೇಳದೆ ಮಾಡುತ್ತ ಬಂದವರು ತಾಯಂದಿರು. ಅದರ ಫಲವೂ ಅವರಿಗೇ ಗಂಟುಬಿದ್ದಿದೆ. ಎಮ್ಮೆ ಅವರ ಕೈಗೆ ಮಾತ್ರ ಸೊರೆ ಬಿಡುತ್ತದೆ. ಹೆಂಡತಿ ತವರಿಗೆ ಹೋದಾಗ ಗಂಡ ಅವಳ ಸೀರೆ ಹೊದ್ದು ಹಾಲು ಹಿಂಡಲು ಕುಳಿತ ಕಥೆ ಪ್ರತಿ ಊರಲ್ಲೂ ಇದೆ. ನಗೆಯ ಕಥೆ ಹೌದು. ಆದರೆ ಆ ಹೆಣ್ಣುಮಗಳು ಮಗಳ ಬಾಣಂತನಕ್ಕೂ ಊರು ಬಿಡಲಾಗದೆ ಕುಳಿತಿರುತ್ತಾಳೆ ಎಂಬುದನ್ನೂ ನೆನೆಯಿರಿ. ಎಮ್ಮೆಕರು ಎಳೆಯದಿರುವಾಗಲೇ ಮನೆಯ ಗಂಡಸರು, ಮಕ್ಕಳು ಎಲ್ಲರೂ ಅದರ ಮೈ ಮೇಲೆ ಕೈಯಾಡಿಸಿದರೆ, ಮೂರ್ನಾಲ್ಕು ವರ್ಷದ ನಂತರ ಅದು ಹಲವರ ಕೈಗೆ ಒಗ್ಗುವ ಆಸೆ ಇಟ್ಟುಕೊಳ್ಳಬಹುದು. 2021ರಲ್ಲಿ ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ನಮ್ಮ ಭಾಗದ ಎಮ್ಮೆಗೆ 'ಧಾರವಾಡಿ' ಎಂಬ ಹೆಸರಿನಲ್ಲಿ ತಳಿಯ ಮಾನ್ಯತೆ ಕೊಟ್ಟಿದೆ. ತಳಿ ನಮ್ಮದು ಎಂದು ಹೆಮ್ಮೆಪಡುವವರು ಅದರ ಕರುವಿನ ಕಡೆಗೂ ನೋಡಬೇಕು. ಎಮ್ಮೆಕರುಗಳ ಸಾವು ಆಕಳ ಕರುಗಳಿಗಿಂತ ಹೆಚ್ಚು. ಅದರಲ್ಲೂ ಕೋಣಗರುವಿಗೆ ಹಾಲು ಬಿಡುವವರು ಕಡಿಮೆ. ಕರು ಸತ್ತ ಮೇಲೆ ಎಮ್ಮೆ ಸೊರೆ ಬಿಡಲಿಲ್ಲವೆಂದು ಸೂಜಿ ಹಿಡಿದು ಓಡಾಡುವುದಕ್ಕಿಂತ ಕರುವಿಗೆ ಒಂದು ಮೊಲೆಯ ಹಾಲು ಬಿಡುವುದು ಅಗ್ಗ. ಹತ್ತು ದಿನದ ಎಮ್ಮೆಕರುವಿಗೆ ಜಂತಿನ ಔಷಧಿ ಹಾಕಿಸಿರಿ, ಏಕೆಂದರೆ ದುಂಡುಹುಳದ ಮರಿಗಳು ತಾಯಿಯ ಹಾಲಿನಲ್ಲೇ ಬರುತ್ತವೆ.

ಇನ್ನು ಹುಟ್ಟುವುದಕ್ಕೂ ಮೊದಲಿನ ಒಂದು ಮಾತು. ಬರಗಾಲದ ಸೀಮೆಯವರಾದ ನಮಗೆ ಇದು ಬಹಳ ಮುಖ್ಯ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ತಾಯಿ ಗಬ್ಬವಿದ್ದಾಗ ತಿಂಗಳುಗಟ್ಟಲೆ ಹಸಿರಿನ ಎಸಳೂ ಇಲ್ಲದೆ ಬಿಸಿಲಿಗೆ ಬಿಳುಚಿದ ಹಳೆಯ ಕಣಿಕೆ ಮಾತ್ರ ತಿಂದರೆ ಅದಕ್ಕೆ ಎ ಜೀವಸತ್ವದ ಕೊರತೆಯಾಗುತ್ತದೆ. ಮೊದಲ ಗುರುತು ಇರುಳುಗಣ್ಣು. ಆಕಳು ಮುಚ್ಚಂಜೆಯಲ್ಲಿ ಎಡವುತ್ತದೆ, ಗೋದಲಿಗೆ ಡಿಕ್ಕಿ ಹೊಡೆಯುತ್ತದೆ. ಕೊರತೆ ತೀವ್ರವಾದರೆ ಹೊಟ್ಟೆಯಲ್ಲಿರುವ ಕರುವಿನ ತಲೆಬುರುಡೆಯ ಎಲುಬು ಸರಿಯಾಗಿ ಬೆಳೆಯದೆ, ಕಣ್ಣಿನ ನರ ಹಾಯುವ ರಂಧ್ರ ಕಿರಿದಾಗಿ, ನರ ಅಮುಕಿಹೋಗುತ್ತದೆ. ಕರು ಕುರುಡಾಗಿ ಹುಟ್ಟುತ್ತದೆ. ಕಣ್ಣು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಕಾಣದು. ಇದನ್ನು ಗ್ರಹಣದ ದೋಷ, ದೃಷ್ಟಿದೋಷ ಎನ್ನುವವರಿದ್ದಾರೆ. ದೋಷವಿರುವುದು ಮೇವಿನಲ್ಲಿ. ಇಂಥ ಕರುವಿಗೆ ಆಮೇಲೆ ಏನು ಕೊಟ್ಟರೂ ಕಣ್ಣು ಬರುವುದಿಲ್ಲ. ತಡೆಯುವುದು ಮಾತ್ರ ಸುಲಭ. ಬದುವಿನಲ್ಲಿ ನಾಲ್ಕು ನುಗ್ಗೆ, ಚೊಗಚೆ ಗಿಡ ಇದ್ದರೆ ದಿನಕ್ಕೆ ಎರಡು ಹಿಡಿ ಸೊಪ್ಪು ಸಾಕಷ್ಟು ಕೆಲಸ ಮಾಡುತ್ತದೆ. ಕುದುರೆಮೆಂತೆ ಇದ್ದವರಿಗೆ ಮಾತೇ ಬೇಡ. ಏನೂ ಇಲ್ಲದ ಬೇಸಿಗೆಯಲ್ಲಿ ಗಬ್ಬದ ಕೊನೆಯ ತಿಂಗಳುಗಳಲ್ಲಿ ಎ ಜೀವಸತ್ವದ ಚುಚ್ಚುಮದ್ದನ್ನು ಪಶುವೈದ್ಯರಿಂದ ಹಾಕಿಸಬಹುದು. ಕುರಿ ಇರುವವರಿಗೆ ಒಂದು ಮಾತು: ಗಬ್ಬದ ಕುರಿಗೆ ತಾಮ್ರದ ಅಂಶ ಕಡಿಮೆಯಾದರೆ ಮರಿಯ ಮೆದುಳು ಮತ್ತು ಬೆನ್ನುಹುರಿಗೆ ಹಾನಿಯಾಗಿ ಅದರ ಹಿಂಗಾಲು ತೂರಾಡುತ್ತವೆ. ಆದರೆ ತಾಮ್ರ ಹೆಚ್ಚಾದರೆ ಕುರಿಗೆ ವಿಷ. ಆಕಳ ಖನಿಜ ಮಿಶ್ರಣವನ್ನು ಕುರಿಗೆ ಅಂದಾಜಿನಲ್ಲಿ ಹಾಕಬೇಡಿರಿ, ವೈದ್ಯರನ್ನು ಕೇಳಿರಿ.

ಗಿಣ್ಣದ ಹಾಲಿನ ಬಗ್ಗೆ ನಿಮಗೆ ಎಷ್ಟೋ ಸಲ ಹೇಳಿಯಾಗಿದೆ. ಮೊದಲ ಒಂದೆರಡು ತಾಸಿನೊಳಗೆ ಕುಡಿಸಬೇಕು, ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೇ ಒಂದು ಪಾಲಿನಷ್ಟು ಹೊಟ್ಟೆಗೆ ಹೋಗಬೇಕು. ಒಂದು ದಿನ ಕಳೆದ ಮೇಲೆ ಅದರಲ್ಲಿರುವ ರೋಗನಿರೋಧಕ ಕಣಗಳು ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ. ಮೆದುಳಿಗೂ ಇದಕ್ಕೂ ಏನು ಸಂಬಂಧ ಎಂದರೆ, ಭೇದಿಯಾಗಿ ಮಲಗಿದ ಕರು ಏನನ್ನೂ ನೋಡದು, ಮೂಸದು, ಕಲಿಯದು. ಹದಿನೈದು ದಿನದ ಕಾಯಿಲೆ ಎಂದರೆ ಕಲಿಯುವ ಎರಡು ತಿಂಗಳಲ್ಲಿ ಕಾಲುಭಾಗ ಹೋದ ಹಾಗೆ.

ನಿಮ್ಮಲ್ಲಿ ಒಬ್ಬರು ಆಗಲೇ ಚೀಟಿ ಕಳಿಸಿ ಕೇಳಿದ್ದಾರೆ: "ನನ್ನ ಹತ್ತಿರ ಇರುವುದೇ ಒಂದು ಆಕಳು, ಒಂದು ಕರು. ಜೋಡಿ ಎಲ್ಲಿಂದ ತರಲಿ?" ಸರಿಯಾದ ಪ್ರಶ್ನೆ. ನಮ್ಮ ಸಂಘಗಳಲ್ಲಿ ಒಂದೆರಡು ಆಕಳಿನ ಸದಸ್ಯರೇ ಹೆಚ್ಚು. ಜೋಡಿ ಇಲ್ಲದಿದ್ದರೆ ತಾಯಿಯ ಕಣ್ಣಿಗೆ ಕಾಣುವಂತೆ, ಮೂಗಿಗೆ ಮೂಗು ತಾಗುವಂತೆ ಕಟ್ಟಿರಿ. ಹಿಂಡುವ ಮೊದಲು, ಹಿಂಡಿದ ಮೇಲೆ ಕರು ಬಿಡುವ ನಮ್ಮ ಹಿರಿಯರ ಪದ್ಧತಿ ಈ ದೃಷ್ಟಿಯಿಂದ ವಿದೇಶದ ಒಂಟಿ ಗೂಡಿಗಿಂತ ಎಷ್ಟೋ ಮೇಲು. ನೆರೆಮನೆಯಲ್ಲಿ ಅದೇ ವಯಸ್ಸಿನ, ಆರೋಗ್ಯದ ಕರು ಇದ್ದರೆ ದಿನಕ್ಕೆ ಒಂದು ತಾಸು ಎರಡನ್ನೂ ಅಂಗಳದಲ್ಲಿ ಬಿಡಿರಿ. ನೆರೆಯವರೊಡನೆ ಮಾತು ಬಿಟ್ಟಿದ್ದರೆ ಆಡಿನ ಮರಿಯಾದರೂ ಆದೀತು. ಕಣ್ಣಿಯನ್ನು ಕರು ತಿರುಗಿ ಮಲಗುವಷ್ಟು, ನಾಲ್ಕು ಹೆಜ್ಜೆ ನಡೆಯುವಷ್ಟು ಉದ್ದ ಮಾಡಿರಿ. ಕತ್ತಲ ಮೂಲೆಯಿಂದ ಬಾಗಿಲ ಹತ್ತಿರಕ್ಕೆ ಗೂಟ ಬದಲಿಸಿರಿ. ಟ್ರ್ಯಾಕ್ಟರ್, ಗಾಡಿ, ಮಕ್ಕಳು, ನಾಯಿ ಎಲ್ಲವನ್ನೂ ಅದು ನೋಡಲಿ. ಎರಡನೇ ವಾರದಿಂದ ಒಂದೊಂದು ಹಿಡಿ ಬೇರೆ ಬೇರೆ ಮೇವನ್ನು ಮೂಗಿನ ಮುಂದೆ ಇಡಿರಿ. ತಿನ್ನದಿದ್ದರೂ ವಾಸನೆ ಹಿಡಿಯುತ್ತದೆ.

ಇನ್ನೊಬ್ಬರ ಪ್ರಶ್ನೆ, ಈಗಾಗಲೇ ಒದೆಯುತ್ತಿರುವ ಮಣಕವನ್ನು ಏನು ಮಾಡುವುದು ಎಂದು. ಸಂತೆಗೆ ಹೊಡೆಯುವ ಮೊದಲು ಒಂದು ತಿಂಗಳು ನೋಡಿರಿ. ಇನ್ನೂ ಈಯದಿದ್ದರೆ ಗಬ್ಬದ ಕೊನೆಯ ಎರಡು ತಿಂಗಳಿನಲ್ಲಿ ದಿನಾಲೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಹಿಂಡಿಯ ಬುಟ್ಟಿ ಮುಂದಿಟ್ಟು ಮೊದಲು ಕತ್ತು, ಆಮೇಲೆ ಬೆನ್ನು, ಆಮೇಲೆ ತೊಡೆ, ಕೊನೆಗೆ ಕೆಚ್ಚಲಿನ ಸುತ್ತ ಕೈಯಾಡಿಸಿರಿ. ಮೊಲೆ ಹಿಂಡಬೇಡಿರಿ, ಈ ಹೊತ್ತಿನಲ್ಲಿ ಹಿಂಡಿದರೆ ಕೆಚ್ಚಲು ಬಾವು ಬಂದೀತು. ಕೋಲು ಹಿಡಿದವನು ಹಾಲು ಹಿಂಡಲು ಕೂಡಬಾರದು. ಒದೆದ ದಿನ ಬಡಿದರೆ ಬೆಂಗಳೂರಿನ ಇಲಿಗೆ ಆದದ್ದೇ ಇದಕ್ಕೂ ಆಗುತ್ತದೆ. ಈದ ಮೇಲೆ ಮೊದಲ ವಾರ ಕರುವನ್ನು ಮುಂಗಾಲಿನ ಹತ್ತಿರ ನಿಲ್ಲಿಸಿ, ಅದು ತಾಯಿಯ ನಾಲಿಗೆಗೆ ಸಿಗುವಂತೆ ಇರಿಸಿ ಹಿಂಡಿರಿ. ತಾಯಿ ಕರುವನ್ನು ನೆಕ್ಕುತ್ತಿರುವಾಗ ಒದೆಯುವುದು ಕಡಿಮೆ. ಕೆಚ್ಚಲು ಬಾವು, ಮೊಲೆಯ ಸೀಳು ಇದೆಯೇ ಎಂದು ಮೊದಲು ನೋಡಿಸಿರಿ. ನೋವಿಗೆ ಒದೆಯುವ ಆಕಳಿಗೆ ಯಾವ ಪಾಠವೂ ಹತ್ತುವುದಿಲ್ಲ.

ಸಂಜೆಯ ಹಾಲಿನ ಹೊತ್ತಾಯಿತು, ಹೊಳೆಆಲೂರ ಕಡೆಯವರಿಗೆ ಬಸ್ಸೂ ಬಂದೀತು. ಕುರುಡು ಕರು ಹುಟ್ಟಿದ ಅಥವಾ ಆಕಳಿಗೆ ಇರುಳುಗಣ್ಣು ಕಂಡ ಸದಸ್ಯರು ನಿಮ್ಮ ಸಂಘದ ಕಾರ್ಯದರ್ಶಿಯ ಬಳಿ ಹೆಸರು ಬರೆಸಿ ಹೋಗಿರಿ. ಬೇಸಿಗೆ ಬರುವ ಮೊದಲೇ ಆ ಮನೆಗಳ ಗಬ್ಬದ ದನಗಳನ್ನು ಪಶುವೈದ್ಯರು ನೋಡಲಿ.